ತಂಬಾಕು ಬಿಡಿಸಲು ಕಂಪನಿ ಯಾವುದಕ್ಕೆ ದುಡ್ಡು ಹಾಕಬೇಕು? ಕ್ವಿಟ್‌ಲೈನ್, ಕ್ಯಾಂಪ್, ಔಷಧಿ, ಇನ್ಶೂರೆನ್ಸ್, ನಗದು ಬಹುಮಾನಗಳ ಹೋಲಿಕೆ

ಮೇ 31ರ ತಂಬಾಕು ವಿರೋಧಿ ದಿನಕ್ಕೆ ಗೇಟಿಗೊಂದು ಬ್ಯಾನರ್ ಕಟ್ಟಿ, ಕ್ಯಾಂಟೀನ್‌ನಲ್ಲಿ ಒಂದು ಗಂಟೆ ಭಾಷಣ ಮಾಡಿಸಿ, ಎಲ್ಲರ ಕೈ ಮುಂದೆ ಮಾಡಿಸಿ ಪ್ರತಿಜ್ಞೆ ಹೇಳಿಸಿದರೆ ಎಚ್‌ಆರ್‌ನವರ ವಾರ್ಷಿಕ ವರದಿಗೆ ಒಳ್ಳೆಯ ಫೋಟೊ ಸಿಗುತ್ತದೆ. ಬಿಟ್ಟವರು ಸಿಗುವುದಿಲ್ಲ. ಬಿಡಬೇಕೆಂದು ಮನಸ್ಸು ಮಾಡಿದವರಿಗೆ ಬೇಕಾಗುವುದು ಸುಮಾರು ಹನ್ನೆರಡು ವಾರದ ಔಷಧಿ, ತಿಳಿದವರ ಜೊತೆ ನಾಲ್ಕೈದು ಸಲ ಮಾತು, ಆ ಮಾತಿಗೆ ಹೋಗಲು ಸಂಬಳ ಹೋಗದ ಬಿಡುವು. ಕೆಳಗಿನ ಆಯ್ಕೆಗಳನ್ನು ಈ ಮೂರರಿಂದಲೇ ಅಳೆದಿದ್ದೇವೆ: ಯಾವುದು ಏನು ಕೊಡುತ್ತದೆ, ಉಳಿದದ್ದನ್ನು ಯಾರು ತುಂಬಬೇಕು.

ಮೊದಲು ಸೇದುವವರು, ಜಗಿಯುವವರು ಬೇರೆಬೇರೆಯಾಗಿ ಎಣಿಸಿ

ಕಂಪನಿಗಳಿಗೆ ಮಾರುವ ಬಹುಪಾಲು ಕಾರ್ಯಕ್ರಮಗಳು ಸಿಗರೇಟಿನ ಅಳತೆಗೆ ಹೊಲಿದವು. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ (ಗ್ಯಾಟ್ಸ್-2) ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ತಂಬಾಕು ಬಳಸುವವರು ಶೇ 22.8. ಸೇದುವವರು ಶೇ 8.8 ಇದ್ದರೆ ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 16.3. ಅಂದರೆ ಹೊಗೆಸೊಪ್ಪು, ಕಡ್ಡಿಪುಡಿ, ಖೈನಿ, ಪಾನ್ ಮಸಾಲದ ಜೊತೆ ತಂಬಾಕಿನ ಸ್ಯಾಷೆ ಬೆರೆಸಿಕೊಳ್ಳುವವರೇ ಹೆಚ್ಚುಕಡಿಮೆ ದುಪ್ಪಟ್ಟು. ಇದನ್ನು ನೋಡದೆ ಸಿಗರೇಟ್ ಕಾರ್ಯಕ್ರಮ ಕೊಂಡರೆ ಅರ್ಧಕ್ಕಿಂತ ಹೆಚ್ಚು ದುಡ್ಡು ನೀರಿಗೆ ಹೋದಂತೆ.

ಎಣಿಕೆಗೆ ಹೆಸರಿಲ್ಲದ ಒಂದು ಚೀಟಿ ಸಾಕು. ಪ್ರಶ್ನೆ ನಾಲ್ಕೇ: ಏನು ಬಳಸುತ್ತೀರಿ, ದಿನಕ್ಕೆ ಎಷ್ಟು ಸಲ, ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಲ, ಕಳೆದ ಒಂದು ವರ್ಷದಲ್ಲಿ ಬಿಡಲು ನೋಡಿದ್ದೀರಾ. ಕನ್ನಡದ ಜೊತೆ ಹಿಂದಿಯಲ್ಲೂ ಒಡಿಯಾದಲ್ಲೂ ಅಚ್ಚು ಹಾಕಿಸಿ. ಪೀಣ್ಯ, ಬೊಮ್ಮಸಂದ್ರದಂಥ ಕಡೆ ಖೈನಿ ತಿಕ್ಕುವವರಲ್ಲಿ ಕನ್ನಡ ಓದಲು ಬಾರದವರು ಬಹಳ. ಗಾರ್ಮೆಂಟ್ಸ್‌ನಲ್ಲಿ ಹೆಣ್ಣುಮಕ್ಕಳು ಕಡ್ಡಿಪುಡಿ ಹಾಕುವುದನ್ನು ಯಾರ ಮುಂದೆಯೂ ಒಪ್ಪುವುದಿಲ್ಲ. ಅವರ ಚೀಟಿ ಲೈನ್ ಸೂಪರ್‌ವೈಸರ್ ಕೈಗೆ ಹೋಗಬಾರದು. ಮಹಿಳೆಯರ ವಿಶ್ರಾಂತಿ ಕೋಣೆಯಲ್ಲಿ ಬೀಗ ಹಾಕಿದ ಡಬ್ಬಿ ಇಡಿ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಲೋಡಿಂಗ್‌ನ ಗುತ್ತಿಗೆಯವರನ್ನೂ ಸೇರಿಸಿ. ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ತಂಬಾಕು ಹಾಕುವವರು ಅವರಲ್ಲೇ ಇರುತ್ತಾರೆ, ಕಂಪನಿಯ ಯಾವ ಸೌಲಭ್ಯವೂ ತಲುಪದವರೂ ಅವರೇ.

ಕ್ವಿಟ್‌ಲೈನ್: ಖರ್ಚಿಲ್ಲ, ಆದರೆ ಸಮಯ ನೀವೇ ಕೊಡಬೇಕು

1800-11-2356 ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. 2016ರಲ್ಲಿ ದೆಹಲಿಯಲ್ಲಿ ಶುರುವಾಯಿತು. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೇಂದ್ರ ತೆರೆದ ಮೇಲೆ ಕನ್ನಡವೂ ಸೇರಿ ದಕ್ಷಿಣದ ಭಾಷೆಗಳಲ್ಲಿ ಮಾತಾಡುವವರು ಸಿಗುತ್ತಾರೆ. ಅದೇ ವರ್ಷದಿಂದ ಸಿಗರೇಟ್ ಪ್ಯಾಕಿನ ಮೇಲೂ ತಂಬಾಕಿನ ಪೊಟ್ಟಣದ ಮೇಲೂ ಈ ನಂಬರ್ ಅಚ್ಚಾಗಿದೆ. ಕೌನ್ಸೆಲರ್ ಬಿಡುವ ದಿನ ಗೊತ್ತು ಮಾಡಿಸಿ, ಒಪ್ಪಿದವರಿಗೆ ಆಮೇಲೆ ತಾವೇ ವಾಪಸ್ ಕರೆ ಮಾಡುತ್ತಾರೆ. ಇಡೀ ಸೇವೆಯ ಸತ್ವ ಇರುವುದು ಆ ವಾಪಸ್ ಕರೆಯಲ್ಲಿ. ಕಾರ್ಖಾನೆಯಲ್ಲಿ ಕೆಟ್ಟುಹೋಗುವುದೂ ಅದೇ. ಫ್ಲೋರ್‌ಗೆ ಮೊಬೈಲ್ ಒಯ್ಯುವಂತಿಲ್ಲ, ಲಾಕರ್‌ನಲ್ಲಿ ಇಟ್ಟಿರುತ್ತಾರೆ, ಕರೆ ಬಂದಾಗ ಯಾರೂ ಎತ್ತುವುದಿಲ್ಲ.

ಪರಿಹಾರ ಕಷ್ಟದ್ದಲ್ಲ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಒಂದು ಫೋನ್, ಹೆಸರು ಕೊಟ್ಟವರಿಗೆ ಡ್ಯೂಟಿ ಸಮಯದಲ್ಲೇ ಇಪ್ಪತ್ತು ನಿಮಿಷ. ಮೊದಲ ಕರೆಯಲ್ಲೇ ತಮ್ಮ ಶಿಫ್ಟ್ ಯಾವುದು, ಯಾವ ಹೊತ್ತಿಗೆ ಕರೆದರೆ ಸಿಗುತ್ತೇವೆ ಎಂದು ಹೇಳಲು ತಿಳಿಸಿ. ನೋಟಿಸ್ ಬೋರ್ಡಿಗೆ ನಂಬರ್ ಅಂಟಿಸುವ ಮುಂಚೆ ಒಮ್ಮೆ ನೀವೇ ಕರೆ ಮಾಡಿ ಸೇವೆಯ ಸಮಯ, ವಾರದ ರಜೆ ಕೇಳಿಕೊಳ್ಳಿ. ಧೈರ್ಯ ಮಾಡಿ ಮೊದಲ ಸಲ ಕರೆ ಮಾಡಿದವರಿಗೆ ಬರೀ ರಿಂಗ್ ಕೇಳಿಸಿದರೆ ಎರಡನೇ ಸಲ ಮಾಡುವುದು ಅಪರೂಪ.

ಈ ಲೈನ್ ಔಷಧಿ ಕಳಿಸುವುದಿಲ್ಲ. ಸಣ್ಣ ವರ್ಕ್‌ಶಾಪ್‌ಗೆ ಇದೊಂದೇ ಸಾಕಾಗಬಹುದು, ದೊಡ್ಡ ಕಂಪನಿಗೆ ಇದು ಬರೀ ಅಡಿಪಾಯ.

ಕ್ಯಾಂಪ್ ಮಾಡಿಸುವುದಾದರೆ ದಂತ ವೈದ್ಯಕೀಯ ಕಾಲೇಜಿನಿಂದ

ಜಗಿಯುವವರು ಹೆಚ್ಚಿರುವ ಕಡೆ ನಮ್ಮ ಮೊದಲ ಮತ ಇದಕ್ಕೆ. ದಂತ ಕಾಲೇಜುಗಳಲ್ಲಿ ತಂಬಾಕು ಬಿಡಿಸುವ ಕೇಂದ್ರ ಇರಬೇಕೆಂದು 2018ರಲ್ಲೇ ಸೂಚನೆ ಹೋಗಿದೆ. ಕರ್ನಾಟಕದಲ್ಲಿ ಇಂಥ ಕಾಲೇಜುಗಳಿಗೆ ಕೊರತೆಯೂ ಇಲ್ಲ. ಬಾಯಿ ತೆರೆಸಿ ನೋಡಿ, ಕೆನ್ನೆಯ ಒಳಗಿನ ಬಿಳಿ ಮಚ್ಚೆಯನ್ನು ಕನ್ನಡಿಯಲ್ಲಿ ಅವರಿಗೇ ತೋರಿಸಿದಾಗ ಆಗುವ ಪರಿಣಾಮ ಯಾವ ಸ್ಲೈಡ್ ಶೋದಿಂದಲೂ ಆಗದು. ಅಲ್ಲೇ ಒಂದು ಸುಲಭ ಪರೀಕ್ಷೆ: ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ, ಕೆಳಗಿನ ಮುಂಹಲ್ಲಿನ ನಡುವೆ ನಿಲ್ಲಿಸಲು ಹೇಳುತ್ತಾರೆ. ಎರಡೇ ಬೆರಳು ಹಿಡಿದರೆ, ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ, ಕೆನ್ನೆ ಒಳಗೆ ನಾರುಗಟ್ಟುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನುಮಾನ ಬರುತ್ತದೆ.

ಇಲ್ಲೊಂದು ಎಡವಟ್ಟು ಪದೇಪದೇ ಆಗುತ್ತದೆ. ‘ತಂಬಾಕು ಬಿಟ್ಟೆ, ಈಗ ಬರೀ ಅಡಿಕೆ, ಬರೀ ಪಾನ್ ಮಸಾಲ’ ಎಂದವರನ್ನು ಬಿಟ್ಟವರ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಬಾಯಿ ನಾರುಗಟ್ಟುವುದಕ್ಕೆ ಮುಖ್ಯ ಕಾರಣವೇ ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಈ ಮಾತು ಕೇಳಲು ಹಿತವಾಗಿರುವುದಿಲ್ಲ, ಆದರೂ ಕಾರ್ಯಕ್ರಮದಲ್ಲಿ ಅದನ್ನು ಬಿಡುವಂತಿಲ್ಲ.

ಕಾಲೇಜಿನವರ ಜೊತೆ ಮಾತಾಡುವಾಗ ಒಂದು ದಿನದ ಕ್ಯಾಂಪ್ ಕೇಳಬೇಡಿ, ನಾಲ್ಕು ಭೇಟಿ ಕೇಳಿ: ಮೊದಲ ದಿನ, ಬಿಡುವ ದಿನದ ನಂತರದ ವಾರ, ತಿಂಗಳಿಗೆ, ಮೂರು ತಿಂಗಳಿಗೆ. ಚಟದ ಎಳೆತ ಅತಿ ಜೋರಾಗಿರುವುದು ಮೊದಲ ಮೂರ್ನಾಲ್ಕು ದಿನ. ಸಿಡುಕು, ನಿದ್ದೆಗೇಡು, ಹಸಿವು ಎರಡರಿಂದ ನಾಲ್ಕು ವಾರ ಇರುತ್ತವೆ. ಎರಡನೇ ಭೇಟಿ ಹದಿನೈದು ದಿನ ತಡವಾದರೆ ಅಷ್ಟರಲ್ಲಿ ಹೆಚ್ಚಿನವರು ಮತ್ತೆ ಹಾಕಿಕೊಂಡಾಗಿರುತ್ತದೆ. ಹತ್ತಿರದಲ್ಲಿ ದಂತ ಕಾಲೇಜು ಇಲ್ಲವೆಂದರೆ ಜಿಲ್ಲಾಸ್ಪತ್ರೆಯ ತಂಬಾಕು ಬಿಡಿಸುವ ಕೇಂದ್ರವನ್ನು ಕೇಳಿ. ಕುಡಿತವೂ ಜೊತೆಗಿದ್ದರೆ, ಖಿನ್ನತೆಗೆ ಔಷಧಿ ನಡೆಯುತ್ತಿದ್ದರೆ ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ.

ಔಷಧಿ: ಕಂಪನಿಯ ದುಡ್ಡು ಹೆಚ್ಚು ಕೆಲಸ ಮಾಡುವ ಜಾಗ

ನಿಕೋಟಿನ್ ಗಮ್, ಲಾಜೆಂಜ್ (ಚೀಪುವ ಗುಳಿಗೆ), ಪ್ಯಾಚ್ (ಚರ್ಮಕ್ಕೆ ಅಂಟಿಸುವ ಪಟ್ಟಿ) ಇವುಗಳಿಂದ ಸೇದುವವರು ಬಿಡುವ ಸಾಧ್ಯತೆ ಸುಮಾರು ಒಂದೂವರೆ ಪಟ್ಟಾಗುತ್ತದೆ. ಪ್ಯಾಚ್ ಹಚ್ಚಿಕೊಂಡು ಎಳೆತ ಬಂದಾಗ ಗಮ್ಮನ್ನೂ ಹಾಕಿಕೊಂಡರೆ ಒಂದನ್ನೇ ಬಳಸುವುದಕ್ಕಿಂತ ಮೇಲು. ಜಗಿಯುವವರಲ್ಲಿ ಲೆಕ್ಕ ಬೇರೆ: ಗಮ್, ಪ್ಯಾಚ್‌ಗೆ ಸಿಕ್ಕ ಪುರಾವೆ ದುರ್ಬಲ, ಲಾಜೆಂಜ್ ಮತ್ತು ನಿಕೋಟಿನ್ ಇಲ್ಲದ ವರೆನಿಕ್ಲಿನ್ ಮಾತ್ರೆಗೆ ಸಿಕ್ಕದ್ದು ವಾಸಿ. ಬಾಯಿ ಸರಿಯಾಗಿ ತೆರೆಯದವರಿಗೆ, ಹಲ್ಲಿನ ಸೆಟ್ ಇರುವವರಿಗೆ ಗಮ್ ಕೊಡುವುದು ಹಿಂಸೆ. ಎಲ್ಲರಿಗೂ ಒಂದೇ ಗಮ್ ಪೆಟ್ಟಿಗೆ ತರಿಸುವ ಮುಂಚೆ ಮೇಲಿನ ಚೀಟಿಯ ಲೆಕ್ಕ ನೋಡಿ.

ಗಮ್ಮಿನ ವಿಷಯ ವಿವರವಾಗಿ ಹೇಳಬೇಕು, ಏಕೆಂದರೆ ಅದು ಸೋಲುವುದು ಬಳಸುವ ರೀತಿಯಿಂದ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟ್ ಬೇಕೇಬೇಕು ಎನ್ನುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2 ಮಿಲಿಗ್ರಾಂ. 2ರದ್ದು ಮೆಡಿಕಲ್ ಶಾಪ್‌ನಲ್ಲಿ ನೇರವಾಗಿ ಸಿಗುತ್ತದೆ, 4ಕ್ಕೆ ಡಾಕ್ಟರ್ ಚೀಟಿ ಬೇಕು. ನಿಧಾನವಾಗಿ ಹತ್ತು ಹದಿನೈದು ಸಲ ಅಗಿದಾಗ ನಾಲಿಗೆಗೆ ಮೆಣಸಿನಂಥ ಚುರುಕು ಬರುತ್ತದೆ. ಆಗ ಅಗಿಯುವುದು ನಿಲ್ಲಿಸಿ ಕೆನ್ನೆಗೂ ವಸಡಿಗೂ ನಡುವೆ ಒತ್ತಿಡಬೇಕು. ಚುರುಕು ಹೋದ ಮೇಲೆ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಬದಿಗೆ ಇಡಬೇಕು. ಹೀಗೆ ಅರ್ಧ ಗಂಟೆ. ಸಾಮಾನ್ಯ ಚೂಯಿಂಗ್ ಗಮ್‌ನಂತೆ ಬಿಡದೆ ಅಗಿದು ರಸ ನುಂಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ, ವಾಕರಿಕೆ. ಎರಡನೇ ದಿನಕ್ಕೇ ‘ನನಗಿದು ಆಗಿಬರಲ್ಲ’ ಎಂದು ಎಸೆಯುತ್ತಾರೆ. ಇನ್ನೊಂದು ತೊಂದರೆ ಕಾಫಿ. ಕಾಫಿ, ಹಣ್ಣಿನ ರಸ, ತಂಪು ಪಾನೀಯ ಬಾಯಿಯನ್ನು ಹುಳಿ ಮಾಡುವುದರಿಂದ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಗಮ್ ಹಾಕುವ 15 ನಿಮಿಷ ಮೊದಲು, ಬಾಯಲ್ಲಿರುವಷ್ಟು ಹೊತ್ತೂ ಇವು ಬೇಡ. ಕ್ಯಾಂಟೀನ್‌ನ ಹನ್ನೊಂದು ಗಂಟೆಯ ಟೀ ಬ್ರೇಕ್‌ನಲ್ಲೇ ಎಳೆತ ಬರುವುದು, ಆಗಲೇ ಗಮ್ ಹಾಕುವುದು. ಹಾಗಾಗಿ ಮೊದಲು ಟೀ, ಕಾಲು ಗಂಟೆ ಬಿಟ್ಟು ಗಮ್ ಎಂದು ಹೇಳಿಕೊಡಬೇಕು.

ಎಷ್ಟು ತರಿಸಬೇಕು? ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಏಳರಿಂದ ಒಂಬತ್ತನೇ ವಾರ ಎರಡು ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು ಎಂಬುದು ರೂಢಿಯ ಕ್ರಮ. ದಿನಕ್ಕೆ 10, ಆಮೇಲೆ 6, ಆಮೇಲೆ 3 ಎಂದು ಹಿಡಿದರೆ 420 + 126 + 63, ಒಬ್ಬರಿಗೆ ಸುಮಾರು 600 ತುಂಡು. ಪೂರೈಕೆದಾರರ ದರವನ್ನು ಇದಕ್ಕೆ ಗುಣಿಸಿ ಬಜೆಟ್ ಮಾಡಿ. ‘ತಲೆಗೆ ಎರಡು ಸ್ಟ್ರಿಪ್ ಉಚಿತ’ ಎಂಬ ಸೌಲಭ್ಯ ಎರಡು ದಿನಕ್ಕೂ ಸಾಲುವುದಿಲ್ಲ. ಹಾಗೆಂದು 600 ತುಂಡನ್ನೂ ಒಟ್ಟಿಗೆ ಕೊಡಬೇಡಿ. ಎರಡು ವಾರಕ್ಕೊಮ್ಮೆ ಕೊಟ್ಟರೆ ತೆಗೆದುಕೊಳ್ಳಲು ಬಂದಾಗ ಮಾತಾಡಿಸಿದಂತೆಯೂ ಆಗುತ್ತದೆ.

ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಿಗರೇಟ್ ಸೇದುವವರಿಗೆ ಪ್ಯಾಚ್ 21 ಮಿಲಿಗ್ರಾಂನಿಂದ ಆರು ವಾರ, ಆಮೇಲೆ 14 ಮತ್ತು 7 ಎರಡೆರಡು ವಾರ. ಬಾಯ್ಲರ್, ಫೌಂಡ್ರಿ ಕಡೆ ಬೆವರಿಗೆ ಕಿತ್ತುಬರುತ್ತದೆ. ಕೂದಲಿಲ್ಲದ ಒಣ ಜಾಗದಲ್ಲಿ ಅಂಗೈಯಿಂದ ಹತ್ತು ಸೆಕೆಂಡ್ ಒತ್ತಿ ಹಿಡಿಯಬೇಕು, ದಿನಕ್ಕೊಂದು ಜಾಗ ಬದಲಿಸಬೇಕು. ರಾತ್ರಿ ಕೆಟ್ಟ ಕನಸು ಬಿದ್ದರೆ ಮಲಗುವಾಗ ತೆಗೆಯಬಹುದು.

ಮಾತ್ರೆಗಳಿಗೆ ಡಾಕ್ಟರ್ ಬೇಕೇ ಬೇಕು. ವರೆನಿಕ್ಲಿನ್ 0.5 ಮಿಲಿಗ್ರಾಂ ದಿನಕ್ಕೊಂದರಂತೆ ಮೂರು ದಿನ, ಎರಡರಂತೆ ನಾಲ್ಕು ದಿನ, ಎಂಟನೇ ದಿನದಿಂದ 1 ಮಿಲಿಗ್ರಾಂ ದಿನಕ್ಕೆರಡು, ಒಟ್ಟು ಹನ್ನೆರಡು ವಾರ. ವಾಕರಿಕೆ ಸಾಮಾನ್ಯ, ಊಟದ ಮೇಲೆ ತುಂಬಿದ ಲೋಟ ನೀರಿನ ಜೊತೆ ತೆಗೆದುಕೊಂಡರೆ ಕಡಿಮೆಯಾಗುತ್ತದೆ. ಚಟ ಬಿಡಿಸಲು ಕೊಡುವ ಇನ್ನೊಂದು ಮಾತ್ರೆ ಬ್ಯುಪ್ರೊಪಿಯಾನ್, ಅದು ಮೂರ್ಛೆರೋಗ ಇದ್ದವರಿಗೆ ಸಲ್ಲದು. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಆದವರು ಗಮ್, ಪ್ಯಾಚ್‌ಗೂ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಫಸ್ಟ್ ಏಡ್ ರೂಮಿನ ನರ್ಸ್‌ಗೂ ತಿಳಿದಿರಬೇಕಾದ ಸಂಗತಿಯೊಂದಿದೆ: ಸಿಗರೇಟಿನ ಹೊಗೆ ಕೆಫೀನನ್ನು ಲಿವರ್ ಬೇಗ ಕರಗಿಸುವಂತೆ ಮಾಡಿರುತ್ತದೆ. ಸೇದುವುದು ನಿಂತ ಮೇಲೆ ಅಷ್ಟೇ ಕಾಫಿ ಕುಡಿದರೂ ದೇಹದಲ್ಲಿ ಕೆಫೀನ್ ಹೆಚ್ಚುಳಿದು ಎದೆ ಡವಗುಟ್ಟುತ್ತದೆ, ನಿದ್ದೆ ಹಾರುತ್ತದೆ. ಎಷ್ಟೋ ಜನ ಇದನ್ನೇ ಸಿಗರೇಟ್ ಬಿಟ್ಟ ಸಂಕಟ ಎಂದುಕೊಂಡು ಮತ್ತೆ ಶುರುಮಾಡುತ್ತಾರೆ. ಕಾಫಿಯನ್ನು ಅರ್ಧಕ್ಕಿಳಿಸಲು ಹೇಳಿ.

ಗ್ರೂಪ್ ಮೆಡಿಕ್ಲೇಮ್, ಇಎಸ್‌ಐ, ವೆಲ್‌ನೆಸ್ ಆ್ಯಪ್

ಗ್ರೂಪ್ ಪಾಲಿಸಿ ಇದೆ, ಅದರಲ್ಲೇ ಬರುತ್ತದೆ ಎಂದು ನಂಬಬೇಡಿ. ನಮ್ಮ ಪಾಲಿಸಿಗಳ ಮೂಲ ಕವರ್ ಆಸ್ಪತ್ರೆಗೆ ದಾಖಲಾದರೆ ಮಾತ್ರ. ತಂಬಾಕು ಬಿಡಿಸುವುದು ಹೊರರೋಗಿ ಚಿಕಿತ್ಸೆ, ಹೀಗಾಗಿ ಅದಕ್ಕೆಂದೇ ಹೆಚ್ಚುವರಿಯಾಗಿ ಸೇರಿಸುವ ಕವರ್ (ಒಪಿಡಿ ರೈಡರ್) ಇಲ್ಲದಿದ್ದರೆ ಬಿಲ್ ವಾಪಸ್. ರೈಡರ್ ಇದ್ದರೂ ‘ಚಟ ಬಿಡಿಸುವ ಚಿಕಿತ್ಸೆ ಹೊರತುಪಡಿಸಿ’ ಎಂಬ ಸಾಲು ಅಡಗಿದೆಯೇ, ಡಾಕ್ಟರ್ ಚೀಟಿ ಇಲ್ಲದೆ ಕೊಂಡ ಗಮ್ಮಿನ ಬಿಲ್ ನಡೆಯುತ್ತದೆಯೇ ಎಂದು ನವೀಕರಣಕ್ಕೆ ಮುಂಚೆಯೇ ಬ್ರೋಕರ್‌ನಿಂದ ಬರಹದಲ್ಲಿ ಪಡೆಯಿರಿ. ಮಾದರಿ ಬೇಕಿದ್ದರೆ ಅಮೆರಿಕದ ವಿಮೆ ನಿಯಮದ 2014ರ ವಿವರಣೆ ನೋಡಿ: ವರ್ಷಕ್ಕೆ ಎರಡು ಪ್ರಯತ್ನ, ಪ್ರತಿ ಪ್ರಯತ್ನಕ್ಕೆ ಕನಿಷ್ಠ ಹತ್ತು ನಿಮಿಷದ ನಾಲ್ಕು ಕೌನ್ಸೆಲಿಂಗ್, 90 ದಿನದ ಔಷಧಿ, ನೌಕರರ ಜೇಬಿನಿಂದ ಏನೂ ಇಲ್ಲ. ‘ಎರಡು ಪ್ರಯತ್ನ’ ಮುಖ್ಯ. ಒಂದೇ ಸಲಕ್ಕೆ ಬಿಟ್ಟವರು ಕಡಿಮೆ. ಅಮೆರಿಕದ ಕಂಪನಿಗಳ ಬೆಂಗಳೂರು ಕಚೇರಿಗಳು ಅಲ್ಲಿನ ಪೋಸ್ಟರನ್ನು ಮಾತ್ರ ತರಿಸಿಕೊಂಡು ಈ ಸೌಲಭ್ಯವನ್ನು ಅಲ್ಲೇ ಬಿಟ್ಟಿರುವುದುಂಟು. ಕೇಳಿ ಪಡೆಯಬೇಕು.

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳದವರು ಇಎಸ್‌ಐಗೆ ಸೇರುತ್ತಾರೆ. ಅಲ್ಲಿ ದಾಖಲಾತಿಯ ಷರತ್ತಿಲ್ಲ, ಡಾಕ್ಟರನ್ನು ಪುಕ್ಕಟೆ ಕಾಣಬಹುದು. ಆದರೆ ಹೋಗಿ ಸಾಲು ನಿಂತು ಬರಲು ಅರ್ಧ ದಿನ. ಅರ್ಧ ದಿನದ ಕೂಲಿ ಹೋಗುತ್ತದೆ ಎಂದರೆ ಕೆಮ್ಮಿಗೇ ಹೋಗದವರು ತಂಬಾಕು ಬಿಡಲು ಹೋಗುತ್ತಾರೆಯೇ? ಸಂಬಳಸಹಿತ ಎರಡು ಅರ್ಧ ದಿನ ಕೊಡಿ.

ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡ ಇದೆಯೇ, ಆ ಕಡೆ ಮನುಷ್ಯರು ಇದ್ದಾರೆಯೇ, ಹೊಗೆಸೊಪ್ಪು, ಖೈನಿಗೆ ಬೇರೆ ದಾರಿ ಇದೆಯೇ ಎಂದು ಕೇಳಿ. ಮೂರರಲ್ಲಿ ಎರಡಕ್ಕೆ ‘ಮುಂದಿನ ವರ್ಷ ಬರುತ್ತೆ’ ಎಂದರೆ ಮುಂದಿನ ವರ್ಷವೇ ನೋಡೋಣ ಅನ್ನಿ.

ನಗದು ಬಹುಮಾನ

ಇದರ ಬಗ್ಗೆ ಒಳ್ಳೆಯ ಅಧ್ಯಯನಗಳಿವೆ, ಇಲ್ಲಿ ಹೇಳುವ ಎರಡೂ ಅಮೆರಿಕದವು. ಜನರಲ್ ಎಲೆಕ್ಟ್ರಿಕ್ ಕಂಪನಿಯ 878 ನೌಕರರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟು 750 ಡಾಲರ್‌ವರೆಗೆ ಬಹುಮಾನ ಇತ್ತು. ಬರೀ ಮಾಹಿತಿ ಪಡೆದವರಲ್ಲಿ ಶೇ 5 ಜನ ಸೇದುವುದನ್ನು ಬಿಟ್ಟರು, ಬಹುಮಾನದ ಗುಂಪಿನಲ್ಲಿ ಶೇ 14.7. 2015ರ ಇನ್ನೊಂದರಲ್ಲಿ, ಬಿಟ್ಟರೆ 800 ಡಾಲರ್ ಎಂದಾಗ ಶೇ 90 ಜನ ಒಪ್ಪಿದರು. ನಿಮ್ಮದೇ 150 ಡಾಲರ್ ಠೇವಣಿ ಇಡಿ, ಬಿಟ್ಟರೆ ಅದೂ ಮೇಲೆ 650ಊ ಸಿಗುತ್ತದೆ ಎಂದಾಗ ಒಪ್ಪಿದವರು ಶೇ 13.7 ಮಾತ್ರ. ಆರು ತಿಂಗಳಿಗೆ ಬಹುಮಾನದವರಲ್ಲಿ ಶೇ 15.7, ಠೇವಣಿ ಗುಂಪಿನಲ್ಲಿ ಶೇ 10.2, ಬೇರೇನೂ ಇಲ್ಲದವರಲ್ಲಿ ಶೇ 6 ಬಿಟ್ಟಿದ್ದರು. ಠೇವಣಿ ಇಟ್ಟವರಿಗೆ ಹಟ ಹೆಚ್ಚು, ಆದರೆ ಇಡುವವರೇ ಇಲ್ಲ. ನಮ್ಮಲ್ಲಂತೂ ಸಂಬಳದಲ್ಲಿ ಠೇವಣಿ ಮುರಿದುಕೊಳ್ಳುವ ಯೋಚನೆಯನ್ನೇ ಬಿಡಿ. ವೇತನ ಕಾನೂನು ಪಟ್ಟಿ ಮಾಡಿದ ಕಾರಣಗಳಿಗಷ್ಟೇ ಕಡಿತಕ್ಕೆ ಅವಕಾಶ.

ಬಹುಮಾನ ಕೊಡುವುದಾದರೆ ಮೂರು ಕಂತು ಮಾಡಿ: ತಿಂಗಳಿಗೆ ಚಿಕ್ಕದು, ಮೂರು ತಿಂಗಳಿಗೆ ಸ್ವಲ್ಪ ಹೆಚ್ಚು, ಆರು ತಿಂಗಳಿಗೆ ದೊಡ್ಡದು. ಮೊದಲೇ ಪೂರ್ತಿ ಕೊಟ್ಟರೆ ಮುಂದಿನದಕ್ಕೆ ಎಳೆ ಇರುವುದಿಲ್ಲ. ಇನ್ನು ದುಡ್ಡಿದೆ ಎಂದರೆ ಪರೀಕ್ಷೆ ಬೇಕು, ಪರೀಕ್ಷೆಯಲ್ಲಿ ತಪ್ಪಾಗುವುದೂ ಇಲ್ಲೇ. ಊದಿಸುವ ಕಾರ್ಬನ್ ಮಾನಾಕ್ಸೈಡ್ ಮೀಟರ್ ಖೈನಿಯವರನ್ನು ಹಿಡಿಯುವುದೇ ಇಲ್ಲ. ಸೇದಿದವರೂ ಒಂದು ದಿನ ತಡೆದು ಬಂದರೆ ಪಾಸು. ಎಂಜಲಿನ ಕೋಟಿನಿನ್ (ನಿಕೋಟಿನ್ ದೇಹದಲ್ಲಿ ಕರಗಿದಾಗ ಉಳಿಯುವ ವಸ್ತು) ಪರೀಕ್ಷೆ ಎರಡನ್ನೂ ಹಿಡಿಯುತ್ತದೆ, ಆದರೆ ಗಮ್, ಪ್ಯಾಚ್ ಬಳಸುತ್ತಿರುವವರಲ್ಲೂ ಪಾಸಿಟಿವ್ ಬರುತ್ತದೆ. ನೀವೇ ಕೊಟ್ಟ ಗಮ್ ಅಗಿದವರನ್ನು ಸುಳ್ಳುಗಾರರೆಂದು ಹೊರಗಿಟ್ಟರೆ ಆ ಕಾರ್ಯಕ್ರಮದ ಮೇಲೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ. ಗಮ್ ನಡೆಯುವಷ್ಟು ದಿನ ಸೇದುವವರಿಗೆ ಮೀಟರ್, ಗಮ್ ನಿಂತು ವಾರ ಕಳೆದ ಮೇಲೆ ಕೋಟಿನಿನ್ ಎಂದು ಮಾಡಿಕೊಳ್ಳಿ. ಮೂತ್ರ ಪರೀಕ್ಷೆ ಬೇಡ, ಮರ್ಯಾದೆಯ ಪ್ರಶ್ನೆ.

ಹಾಗಾದರೆ ಯಾರಿಗೆ ಯಾವುದು

ಎಂಟುನೂರು ಜನರ ಗಾರ್ಮೆಂಟ್ಸ್ ಘಟಕಕ್ಕೆ ದಂತ ಕಾಲೇಜಿನ ನಾಲ್ಕು ಭೇಟಿ, ಮಹಿಳಾ ಕೌನ್ಸೆಲರ್, ಡಾಕ್ಟರ್ ಹೇಳಿದವರಿಗೆ ಲಾಜೆಂಜ್ ಇಲ್ಲವೇ ವರೆನಿಕ್ಲಿನ್. ಬಹುಮಾನಕ್ಕೆ ದುಡ್ಡು ಇಡುವ ಬದಲು ಸಂಬಳಸಹಿತ ಸಮಯಕ್ಕೆ ಇಡಿ. ಹೊಗೆಯೇ ಮುಖ್ಯವಾದ ಸಾಫ್ಟ್‌ವೇರ್ ಕಚೇರಿಯಲ್ಲಿ ಡಾಕ್ಟರ್ ವಿಡಿಯೊ ಸಲಹೆ, ಪ್ಯಾಚ್ ಮತ್ತು ಗಮ್ಮಿನ ಪೂರ್ತಿ ಮರುಪಾವತಿ, ಅದರ ಮೇಲೆ ಕಂತಿನ ಬಹುಮಾನ. ಇ-ಸಿಗರೇಟನ್ನು ‘ಪರ್ಯಾಯ’ ಎಂದು ಯಾರಾದರೂ ಸೂಚಿಸಿದರೆ ಅಲ್ಲೇ ನಿಲ್ಲಿಸಿ, 2019ರಿಂದ ದೇಶದಲ್ಲಿ ಅದರ ಮಾರಾಟವೇ ನಿಷಿದ್ಧ. ಇಪ್ಪತ್ತು ಜನರ ವರ್ಕ್‌ಶಾಪ್‌ನ ಮಾಲೀಕರಿಗೆ ಕ್ವಿಟ್‌ಲೈನ್, ಇಎಸ್‌ಐಗೆ ಹೋಗಲು ಅರ್ಧ ದಿನ, ಬಿಡುತ್ತೇನೆ ಎಂದವರಿಗೆ ಹದಿನೈದು ದಿನಕ್ಕೊಮ್ಮೆ ಗಮ್ ಕೊಡಿಸುವುದು ಸಾಕು.

ಯಾವುದನ್ನು ಆರಿಸಿದರೂ ಕಚೇರಿಯೊಳಗಿನ ‘ಸ್ಮೋಕಿಂಗ್ ರೂಮ್’ ತೆಗೆಸಿ. ತಂಬಾಕು ನಿಯಂತ್ರಣ ಕಾಯ್ದೆಯ (ಕೋಟ್ಪಾ) ನಿಯಮದಂತೆ ಪ್ರತ್ಯೇಕ ಧೂಮಪಾನ ಜಾಗಕ್ಕೆ ಅವಕಾಶ ಇರುವುದು 30 ಅಥವಾ ಹೆಚ್ಚು ಕೋಣೆಯ ಹೋಟೆಲ್, 30 ಅಥವಾ ಹೆಚ್ಚು ಸೀಟಿನ ರೆಸ್ಟೊರೆಂಟ್, ವಿಮಾನ ನಿಲ್ದಾಣಗಳಿಗೆ ಮಾತ್ರ. ಕರ್ನಾಟಕದ ತಿದ್ದುಪಡಿ 2025ರ ಮೇನಲ್ಲಿ ಜಾರಿಗೆ ಬಂದ ಮೇಲೆ ಸಾರ್ವಜನಿಕ ಜಾಗದಲ್ಲಿ ಸೇದಿದರೆ ಕಟ್ಟುವ ದಂಡ 200ರಿಂದ 1,000 ರೂಪಾಯಿಗೆ ಏರಿದೆ. ಆದರೆ ದಂಡದ ರಸೀದಿ ಪುಸ್ತಕ ಮತ್ತು ಕೌನ್ಸೆಲಿಂಗ್ ರಿಜಿಸ್ಟರ್ ಒಬ್ಬರ ಮೇಜಿನ ಮೇಲೇ ಇರಬಾರದು. ಹೆಸರು ಕೊಟ್ಟರೆ ಸಿಕ್ಕಿಬೀಳುತ್ತೇನೆ ಎಂಬ ಅನುಮಾನ ಬಂದರೆ ಯಾರೂ ಹೆಸರು ಕೊಡುವುದಿಲ್ಲ.

ಹೊರಗಿನ ಏಜೆನ್ಸಿಗೆ ವಹಿಸುವುದಾದರೆ ಒಪ್ಪಂದದಲ್ಲಿ ಎರಡು ಸಾಲು ಬರೆಸಿ. ಒಂದು, ಎಚ್‌ಆರ್‌ಗೆ ಸಂಖ್ಯೆ ಮಾತ್ರ, ಹೆಸರು ಯಾವ ಕಾರಣಕ್ಕೂ ಇಲ್ಲ. ಎರಡು, ಯಶಸ್ಸಿನ ಲೆಕ್ಕ ಆರು ತಿಂಗಳಿಗೆ, ಸೇರಿದ ಎಲ್ಲರ ಮೇಲೆ, ಫೋನ್ ಎತ್ತದವರನ್ನು ಬಿಡದವರ ಕಡೆ ಸೇರಿಸಿ. ನೂರು ಜನ ಸೇರಿ, ಕೊನೆಗೆ ಮೂವತ್ತು ಜನ ಮಾತ್ರ ಫೋನಿಗೆ ಸಿಕ್ಕು, ಅವರಲ್ಲಿ ಹದಿನೆಂಟು ಜನ ಬಿಟ್ಟಿದ್ದೇವೆ ಎಂದರೆ ಏಜೆನ್ಸಿಯ ಸ್ಲೈಡ್‌ನಲ್ಲಿ ಶೇ 60 ಎಂದಿರುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಶೇ 18. ಆರು ತಿಂಗಳಿಗೆ ನಿಜವಾಗಿ ಶೇ 18 ಬಂದಿದ್ದರೆ ಆ ಏಜೆನ್ಸಿಯನ್ನು ಬಿಡಬೇಡಿ, ಅದು ಒಳ್ಳೆಯ ಫಲಿತಾಂಶವೇ.